ಟೆಲಿಫೋನಿಗೂ ಒಂದು ಬ್ರೇಕು

ಮೂರು ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸವನ್ನು ಮನುಷ್ಯ ಯಾವತ್ತು ಮಾಡುತ್ತಾನೆ? ಮೂರು ವರ್ಷ ಪೂರ್ತಿಯಾಗುವ ದಿನ, ಅದೂ ಮಧ್ಯಾಹ್ನದ ಮೇಲೆ. ಇದಕ್ಕಾಗಿ ಅಶ್ವತ್ಥನನ್ನು ಬೈಯುವ ಹಕ್ಕು ನಮಗ್ಯಾರಿಗೂ ಇಲ್ಲ. ನಾವು ಮಾಡುವುದೂ ಅದನ್ನೇ.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಸೆಪ್ಟೆಂಬರ್ ಮೂವತ್ತರ ಬೆಳಿಗ್ಗೆ ಮೇಚೇರಿಯ ಬಾಡಿಗೆ ಮನೆಯಲ್ಲಿ ಅಶ್ವತ್ಥ್ ಇಡ್ಲಿ ತಿನ್ನುತ್ತಿದ್ದ. ಹೆಂಡತಿ ವಾಣಿ ಟ್ರಂಕಿನಲ್ಲಿ ಏನೋ ಹುಡುಕುತ್ತಿದ್ದವಳು ಹಳದಿ ಬಣ್ಣದ ಒಂದು ಕಾರ್ಡನ್ನು ಎತ್ತಿ ಹಿಡಿದಳು.

“ಇದೇನ್ರೀ, ನಿಮ್ಮ ಎಂಪ್ಲಾಯ್‌ಮೆಂಟ್ ಕಾರ್ಡು ಇಲ್ಲೇ ಮಲಗೈತೆ? ಸೆಪ್ಟೆಂಬರ್ ಒಳಗೆ ರಿನ್ಯೂವಲ್ ಅಂತ ಬರ್ದೈತೆ. ಸೆಪ್ಟೆಂಬರ್ ಇವತ್ತಿಗೆ ಮುಗೀತಲ್ಲಾ!”

“ಗೊತ್ತು ಬುಡು. ಓಗ್ತೀನಿ.”

“ಯಾವಾಗ ಓಗ್ತೀರಿ? ಲಾಳಿಯಾಗೆ ನೂಲು ಪೂರಾ ಮುಗಿದ್ ಮೇಲಾ? ನಮ್ಮಪ್ಪ ಇನ್ನೂ ನಾಲ್ಕು ಸುತ್ತು ನೂಲಿರುವಾಗ್ಲೇ ಬದ್ಲಾಯಿಸ್ತಿದ್ರು. ಮಗ್ಗ ಒಂದಿನ ಬರಿಗೈಯಾಗೆ ಆಡಿದ್ದಿಲ್ಲ.”

ಅಶ್ವತ್ಥ್ ಇಡ್ಲಿ ಬಿಟ್ಟು ಎದ್ದ. ನಿಜಕ್ಕೂ ಅವನು ಮರೆತಿದ್ದ. ತಮಿಳುನಾಡಿನ ಸೇಲಂನ ಗುಗೈಯಲ್ಲಿ ಕನ್ನಡದ ನೇಕಾರರ ಮನೆಯಲ್ಲಿ ಹುಟ್ಟಿ, ಡಿಪ್ಲೊಮಾ ಮುಗಿಸಿದ ವಾರವೇ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿದ್ದ. ಸರಕಾರಿ ಕೆಲಸಕ್ಕೆ ಅದು ಒಂದು ದೊಡ್ಡ ಸಾಲು. ಒಂಬತ್ತು ವರ್ಷದಲ್ಲಿ ಅವನು ಆ ಸಾಲಿನ ಬಾಲದಿಂದ ಹೆಚ್ಚುಕಡಿಮೆ ಕುತ್ತಿಗೆಯವರೆಗೆ ಬಂದಿದ್ದ. ಇಂದು ಸಂಜೆ ನಾಲ್ಕರೊಳಗೆ ಸೇಲಂನ ಎಕ್ಸ್‌ಚೇಂಜಿನ ಕಿಟಕಿಯಲ್ಲಿ ಕಾರ್ಡು ತೋರಿಸಿ ಸೀಲು ಹಾಕಿಸಿಕೊಳ್ಳದಿದ್ದರೆ ಹೆಸರು ಅಳಿಸಿಹೋಗುತ್ತದೆ. ನಾಳೆ ಹೊಸದಾಗಿ ಬರೆಸಿದರೆ ನಿನ್ನೆ ಮೊನ್ನೆ ಪಾಸಾದ ಮೀಸೆ ಬರದ ಹುಡುಗರ ಹಿಂದೆ ನಿಲ್ಲಬೇಕು.

“ಕಾಲೇಜಿಗೆ ಓಗಿ ಒಂದ್ ಸೈನ್ ಆಕಿ, ಅಂಗೇ ಸೇಲಂಗೆ ಓಗ್ಬುಡ್ತೀನಿ” ಎಂದು ಕಾರ್ಡನ್ನು ಅಂಗಿ ಜೇಬಿಗೆ ಹಾಕಿಕೊಂಡ. ಒಂದು ಸೈನು ಹಾಕಿ ಬಂದವರು ಯಾರಿದ್ದಾರೆ ಎಂದು ವಾಣಿ ಕೇಳಲಿಲ್ಲ, ಕೇಳಬೇಕಿತ್ತು.

ಮೇಚೇರಿಯ ಆಚೆ ಇರುವ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಶ್ವತ್ಥ್ ಕಂಪ್ಯೂಟರ್ ಲ್ಯಾಬಿನ ಸಹಾಯಕ. ತಾತ್ಕಾಲಿಕ ನೌಕರಿ, ಐದು ವರ್ಷದಿಂದ ತಾತ್ಕಾಲಿಕ. ಅಲ್ಲಿನ ಮೇಷ್ಟರು ಮಣಿಕಂಠನ್ ಅವರಿಗೆ ಆ ವರ್ಷ ಒಂದು ಹುಚ್ಚು ಹಿಡಿದಿತ್ತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಟೆಲಿಫೋನು ಮಾಡುವ ಹೊಸ ನಿಯಮಾವಳಿಯೊಂದನ್ನು ಇಂಟರ್ನೆಟ್ಟಿನಿಂದ ಇಳಿಸಿ, ಪ್ರಿಂಟರ್ ಕಿರುಚಾಡುವಷ್ಟು ಹಾಳೆ ಮುದ್ರಿಸಿ, ವಿದ್ಯಾರ್ಥಿಗಳಿಂದ ಪ್ರೋಗ್ರಾಂ ಬರೆಸಿದ್ದರು. ಕಾಲೇಜಿನೊಳಗಿನ ತಂತಿಯಲ್ಲೇ ಅದು ಓಡುತ್ತಿತ್ತು.

ಅದರ ಉಪಾಯ ಸರಳ. ಆಫೀಸಿನಲ್ಲಿ ಒಂದು ರಿಜಿಸ್ಟರ್ ಯಂತ್ರ. ಲ್ಯಾಬಿನ ಕಂಪ್ಯೂಟರು ಅದಕ್ಕೆ “ಲ್ಯಾಬ್ ಅನ್ನುವವನು ನಾನೇ, ಇಂಥ ಕಡೆ ಕೂತಿದ್ದೇನೆ” ಎಂದು ಹೇಳಬೇಕು. ಯಾರಾದರೂ ಲ್ಯಾಬನ್ನು ಕರೆದರೆ ಯಂತ್ರ ತನ್ನ ಪಟ್ಟಿ ನೋಡಿ ಕರೆಯನ್ನು ಅಲ್ಲಿಗೆ ಕಳಿಸುತ್ತದೆ. ಆದರೆ ಯಂತ್ರಕ್ಕೆ ನೆನಪು ಒಂದೇ ಗಂಟೆ. ಗಂಟೆ ಮುಗಿಯುವ ಮೊದಲು ಮತ್ತೊಮ್ಮೆ “ಇಲ್ಲೇ ಇದ್ದೇನೆ” ಎನ್ನದಿದ್ದರೆ ಹೆಸರು ಅಳಿಸಿಬಿಡುತ್ತದೆ. ಈ ಮಾತನ್ನು ತಾನಾಗಿ ಹೇಳಿಕೊಳ್ಳುವ ಭಾಗವನ್ನು ವಿದ್ಯಾರ್ಥಿಗಳು ಮುಂದಿನ ಸೆಮಿಸ್ಟರಿಗೆ ಬಿಟ್ಟಿದ್ದರು. ಅಲ್ಲಿಯವರೆಗೆ ಆ ಭಾಗದ ಹೆಸರು ಅಶ್ವತ್ಥ್.

“ಎನ್ನಪ್ಪಾ ಅಶ್ವತ್ಥ್!” ಎಂದು ಮಣಿಕಂಠನ್ ಬಾಗಿಲಲ್ಲೇ ಹಿಡಿದರು. “ಇವತ್ತು ಯೂನಿವರ್ಸಿಟಿಯಿಂದ ಇನ್‌ಸ್ಪೆಕ್ಷನ್. ಅವರ ಮುಂದೆ ಕರೆಸ್ಪಾಂಡೆಂಟ್ ಅಯ್ಯಾ ತಮ್ಮ ರೂಮಿಂದ ಲ್ಯಾಬಿಗೆ ಫೋನ್ ಮಾಡ್ತಾರೆ.”

ಕರೆಸ್ಪಾಂಡೆಂಟ್ ಎಂದರೆ ಕಾಲೇಜಿನ ಮಾಲೀಕರು. ಅವರ ಹೆಸರು ಕೇಳಿದರೆ ಅಲ್ಲಿ ಫ್ಯಾನು ಕೂಡ ಮೆಲ್ಲಗೆ ತಿರುಗುತ್ತಿತ್ತು.

“ಯಾವಾಗ ಸಾರ್ ಮಾಡೋದು?”

“ಯಾರಿಗೆ ಗೊತ್ತು? ಹತ್ತಕ್ಕೂ ಇರಬಹುದು, ಐದಕ್ಕೂ ಇರಬಹುದು. ಲ್ಯಾಬಿನ ಹೆಸರು ಇಡೀ ದಿನ ಜೀವಂತ ಇರಬೇಕು.”

“ಸಾರ್, ನಂಗೆ ಮಧ್ಯಾನ ಲೀವು...”

“ಇನ್ನೈಕ್ಕಾ? ವಿಳೆಯಾಡ್‌ರಿಯಾ?” ಎಂದು ಮಣಿಕಂಠನ್ ಕಣ್ಣು ಕೆಂಪಗೆ ಮಾಡಿ ಹೊರಟುಹೋದರು. ಇವತ್ತೇನಾ, ಆಟ ಆಡ್ತೀಯಾ ಎಂದು ಅದರ ಅರ್ಥ.

ಅಶ್ವತ್ಥ್ ಕೂತು ಲೆಕ್ಕ ಹಾಕಿದ. ಸೇಲಂಗೆ ಹೋಗಿ ಬರಲು ನಾಲ್ಕು ಗಂಟೆ ಬೇಕು. ಯಂತ್ರದ ನೆನಪು ಒಂದು ಗಂಟೆ. ಆಗ ಅವನಿಗೊಂದು ಬುದ್ಧಿ ಹೊಳೆಯಿತು. ಹೆಸರು ಹೇಳುವಾಗ ಎಷ್ಟು ಹೊತ್ತು ಎಂದು ನಾವೇ ಕೇಳಬಹುದಲ್ಲ! ಒಂಬತ್ತೂಮುಕ್ಕಾಲಕ್ಕೆ ಕೀಲಿಮಣೆಯ ಮುಂದೆ ಕೂತು, ನಾಲ್ಕು ಗಂಟೆಗೆ ಎಷ್ಟು ಸೆಕೆಂಡು ಎಂದು ಗುಣಿಸಿ, ಹದಿನಾಲ್ಕು ಸಾವಿರದ ನಾನೂರು ಎಂದು ಬಡಿದ. ತೆರೆಯ ಮೇಲೆ “ಓಕೆ” ಎಂದು ಬಂತು. ಅಷ್ಟು ಸಲೀಸಾಗಿ ಅವನಿಗೆ ಆ ಕಾಲೇಜಿನಲ್ಲಿ ಯಾರೂ ಓಕೆ ಎಂದಿರಲಿಲ್ಲ. ಸಂತೋಷದಿಂದ ಬೆಳಗಿನ ಪ್ರಾಕ್ಟಿಕಲ್‌ಗೆ ಯಂತ್ರಗಳನ್ನೆಲ್ಲ ಹಚ್ಚಿಟ್ಟು, ಹತ್ತೂಮುಕ್ಕಾಲಕ್ಕೆ ಹಿಂದಿನ ಗೇಟಿನಿಂದ ಜಾರಿ ಬಸ್‌ಸ್ಟಾಪಿಗೆ ಬಂದ.

ಬಸ್ಸು ದೂರದಲ್ಲಿ ಕಾಣಿಸಿತು. ಅದಕ್ಕಿಂತ ಮೊದಲು ಹಿಂದಿನಿಂದ ಆಯಾ ಸಿದ್ದಲಕ್ಷ್ಮಮ್ಮ ಕಾಣಿಸಿದಳು. ಕೈಯಲ್ಲಿ ಪೊರಕೆ ಹಿಡಿದೇ ಓಡಿಬರುತ್ತಿದ್ದಳು.

“ತಮ್ಮಾ! ಬಾರಪ್ಪೋ! ಮೇಷ್ಟ್ರು ಟೆಸ್ಟಿಂಗ್ ಮಾಡಿದ್ರಂತೆ, ನಿನ್ ಪೋನು ಉಸ್ರೇ ಬುಡ್ತಾ ಇಲ್ವಂತೆ!”

ಅಶ್ವತ್ಥ್ ಬಸ್ಸಿಗೆ ಬೆನ್ನು ತಿರುಗಿಸಿ ಓಡಿದ. ಲ್ಯಾಬಿನಲ್ಲಿ ಮಣಿಕಂಠನ್ ತೆರೆಯ ಕೆಳತುದಿಗೆ ಬೆರಳಿಟ್ಟು ಕಾಯುತ್ತಿದ್ದರು. ಓಕೆಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಮೂರು ಸಾವಿರದ ಆರುನೂರು ಎಂದಿತ್ತು. ಬರೀ ಒಂದು ಗಂಟೆ.

“ನೀನು ಎಷ್ಟು ಕೇಳಿದೆ ಅನ್ನೋದಲ್ಲಪ್ಪಾ, ಅದು ಎಷ್ಟು ಕೊಟ್ಟಿತು ಅನ್ನೋದನ್ನ ಓದಬೇಕು!”

ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ಇರುವ ಅಂತರ ಸಂಬಳದ ವಿಷಯದಲ್ಲಿ ಅಶ್ವತ್ಥನಿಗೆ ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರೂ ಅದೇ ಜಾತಿ ಎಂದು ಮಾತ್ರ ಗೊತ್ತಿರಲಿಲ್ಲ. ಹಲ್ಲು ಕಚ್ಚಿ ಮತ್ತೊಮ್ಮೆ ಹೆಸರು ಹೇಳಿಸಿ ಕೂತ.

ಹನ್ನೆರಡು ಹೊಡೆಯಿತು. ಜೇಬಿನಲ್ಲಿ ಕಾರ್ಡು ಕೆಂಡದ ಹಾಗೆ ಸುಡುತ್ತಿತ್ತು. ಒಂಬತ್ತು ವರ್ಷ! ಅಪ್ಪ ಸಾಯುವಾಗಲೂ “ಕಾರ್ಡು ಬುಡಬ್ಯಾಡ ಕಣ್ಲಾ” ಎಂದಿದ್ದ. ಅಶ್ವತ್ಥನಿಗೆ ಅಳುವೇ ಬಂತು. ಸಿದ್ದಲಕ್ಷ್ಮಮ್ಮ ನೋಡಲಾರದೆ ಹತ್ತಿರ ಬಂದಳು.

“ಒಂದ್ ಬಟನ್ ಅಮುಕಾದಕ್ಕೆ ನೀನೇ ಆಗ್ಬೇಕೇನಪ್ಪಾ? ನಂಗೆ ತೋರ್ಸು. ನೀನು ಓಗ್ ಬಾ.”

ಅಶ್ವತ್ಥ್ ಅವಳ ಕೈ ಹಿಡಿದು ತೋರಿಸಿದ. “ಅಕ್ಕಾ, ಗೋಡೆ ಗಡಿಯಾರದಾಗೆ ದೊಡ್ಡ ಮುಳ್ಳು ಒಂದ್ ಸುತ್ತು ಬರೋ ಮುಂಚೆ ಇದನ್ನ ಒಂದ್ಸಲ ಅಮುಕು. ಒಂದೇ ಸಲ.”

“ಅಷ್ಟೇ ತಾನೇ? ಓಗು.”

ಅಶ್ವತ್ಥ್ ಕ್ಯಾಂಟೀನಿಗೆ ಹೋಗಿ ಗಬಗಬನೆ ಒಂದು ತಟ್ಟೆ ಅನ್ನ ತಿಂದು ಹೊರಬರುವಷ್ಟರಲ್ಲಿ ಆಫೀಸಿನ ಕಡೆ ಗಲಾಟೆ ಎದ್ದಿತ್ತು. ಸಿದ್ದಲಕ್ಷ್ಮಮ್ಮ ನಂಬಿಕೆಯ ಹೆಂಗಸು. ಗಂಟೆಗೊಂದು ಸಲ ಅಮುಕಿದರೆ ಸಾಲದೆ ಹೋದರೆ ಪಾಪ ಹುಡುಗನ ಗತಿಯೇನು ಎಂದು, ಗುಡಿಸುತ್ತಾ ಹೋಗಿ ಒಮ್ಮೆ, ಬರುತ್ತಾ ಒಮ್ಮೆ ಅಮುಕಿದ್ದಳು. ಅಮುಕಿದಾಗಲೆಲ್ಲ ಯಂತ್ರ “ಇಷ್ಟು ಬೇಗ ಬೇಡ” ಎಂದು ಕೀಂಗುಟ್ಟಿತು. ಅವಳು ಅದನ್ನು ಇನ್ನೂ ಬೇಕು ಎಂದು ತಿಳಿದು, ಹಸಿದ ಮಗುವಿಗೆ ಉಣಿಸುವ ಹಾಗೆ ಪೊರಕೆ ಕೆಳಗಿಟ್ಟು, ಎರಡೂ ಕೈಯಲ್ಲಿ ಅಮುಕಿದಳು. ಆಫೀಸಿನ ರಿಜಿಸ್ಟರ್ ಯಂತ್ರ ತಲೆ ಕೆಟ್ಟು ಕಲ್ಲಿನಂತೆ ಕೂತು ಒಂದೇ ಸಮನೆ ಕೂಗತೊಡಗಿತು.

ಆ ಯಂತ್ರ ಇದ್ದದ್ದು ಸೂಪರಿಂಟೆಂಡೆಂಟ್ ಸುಬ್ಬರಾಯಪ್ಪನ ಮೇಜಿನ ಪಕ್ಕದಲ್ಲಿ. ಮೆಟ್ಟೂರು ಕಡೆಯ ಒಕ್ಕಲಿನ ಮನೆಯವನು, ಇಪ್ಪತ್ತೆರಡು ವರ್ಷದಿಂದ ಫೈಲು ಹಿಡಿದವನು. ಕನ್ನಡದವನು ಎಂಬ ಕಾರಣಕ್ಕೆ ಅಶ್ವತ್ಥನ ಮೇಲೆ ಪ್ರೀತಿ, ಅದೇ ಕಾರಣಕ್ಕೆ ಅವನನ್ನು ಹೆಚ್ಚಾಗಿ ಬೈಯುತ್ತಿದ್ದ.

“ಏನ್ಲಾ ಇದು? ನನ್ ಟೇಬಲ್ ಪಕ್ಕ ಇದು ಕುಯ್ಯೋ ಅಂತ ಅಳ್ತಾ ಕೂತೈತೆ!”

ಅಶ್ವತ್ಥ್ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ, ಲ್ಯಾಬಿನ ಹೆಸರು ಸರಿಪಡಿಸಿ, ತನ್ನ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿಕೊಂಡ. ಸುಬ್ಬರಾಯಪ್ಪ ಕನ್ನಡಕ ತೆಗೆದು ಒರೆಸಿದ.

“ಅಂದ್ರೆ ಇದು ರಿನ್ಯೂವಲ್ ಸಮಾಚಾರ. ಗಡುವು ಒಂದ್ ಗಂಟೆ. ಅಷ್ಟೇ ತಾನೇ? ಇದನ್ನ ಆ ಕಸ ಗುಡಿಸೋಳ ಕೈಗೆ ಯಾಕ್ ಕೊಟ್ಟೆ? ಕಾಲೇಜಿನ ಲೈಸೆನ್ಸು, ಬಸ್ಸಿನ ಪರ್ಮಿಟ್ಟು, ನಿಮ್ಮಂಥ ಟೆಂಪರರಿಗಳ ಆರ್ಡರು, ಎಲ್ಲಾ ರಿನ್ಯೂ ಮಾಡಾನು ಯಾರು?”

“ನೀವೇ ಅಣ್ಣಾ.”

“ಮತ್ತೆ? ಓಗು. ಈ ಪೋನ್ ನಂಗ್ ಬುಡು.”

ಅಶ್ವತ್ಥನಿಗೆ ಕಾಲಿಗೆ ಬೀಳಬೇಕು ಎನಿಸಿತು. ಒಂದು ಗಂಟೆಗೆ ಸರಿಯಾಗಿ ತಾನೇ ಒಮ್ಮೆ ಹೆಸರು ಹೇಳಿಸಿ, ಅದೇ ಯಂತ್ರದಲ್ಲಿ ಅಮುಕಬೇಕಾದ ಬಟನ್ನು ತೋರಿಸಿ, ಗಡುವು ಮುಗಿಯುವ ಮುಂಚೆಯೇ ಅಮುಕಬೇಕು, ಎರಡರೊಳಗೆ ಒಮ್ಮೆ, ಮೂರರೊಳಗೆ ಒಮ್ಮೆ, ನಾಲ್ಕರೊಳಗೆ ಒಮ್ಮೆ ಎಂದು ಚೀಟಿ ಬರೆದುಕೊಟ್ಟು, ಗೇಟು ಹಾರಿದ.

ಅಂದು ಮೇಚೇರಿ ಸಂತೆ. ಬಸ್ಸಿನಲ್ಲಿ ಜನಕ್ಕಿಂತ ಕುರಿ ಹೆಚ್ಚು. ಅಶ್ವತ್ಥ್ ಒಂದು ಕಾಲಲ್ಲಿ ನಿಂತ. ಇನ್ನೊಂದು ಕಾಲನ್ನು ಇಡಬೇಕಾದ ಕಡೆ ಒಂದು ಟಗರು ಮಲಗಿತ್ತು. ಓಮಲೂರಿನಲ್ಲಿ ಟಗರಿನವರು ಇಳಿದರು, ಆದರೆ ಬಸ್ಸು ನಿಂತುಬಿಟ್ಟಿತು. ಡ್ರೈವರು ಚಹಾ ಕುಡಿದ, ಕಂಡಕ್ಟರು ಟೈಮ್‌ಕೀಪರ್ ಜೊತೆ ಜಗಳ ಆಡಿದ, ಆಮೇಲೆ ಅವನೂ ಚಹಾ ಕುಡಿದ. ಸೇಲಂ ತಲುಪಿ ಆಟೋ ಹಿಡಿದು ಎಕ್ಸ್‌ಚೇಂಜಿನ ಮುಂದೆ ಇಳಿದಾಗ ಎರಡು ಮುಕ್ಕಾಲು. ಸಾಲು ಗೇಟಿನ ಹೊರಗೆ ಬೇವಿನ ಮರದವರೆಗೂ ಇತ್ತು. ಸೆಪ್ಟೆಂಬರಿನಲ್ಲಿ ಹೆಸರು ಬರೆಸಿದ ಜಿಲ್ಲೆಯ ಜನರೆಲ್ಲ ಮೂವತ್ತನೆಯ ತಾರೀಖಿಗೇ ಕಾದಿದ್ದರು.

ಮೂರೂಕಾಲಕ್ಕೆ ಸಾಲು ಅರ್ಧ ಕರಗಿತ್ತು. ಅಶ್ವತ್ಥನ ಮನಸ್ಸು ತಡೆಯಲಿಲ್ಲ. ಹಿಂದಿನವನಿಗೆ ಜಾಗ ನೋಡಿಕೊಳ್ಳಲು ಹೇಳಿ, ಎದುರಿನ ಎಸ್‌ಟಿಡಿ ಬೂತಿಗೆ ಓಡಿ ಕಾಲೇಜಿನ ಆಫೀಸಿಗೆ ಫೋನು ಮಾಡಿದ. ಇದು ಹಳೆಯ ಕಾಲದ, ತಂತಿಯ, ಮೊದಲ ಸಲಕ್ಕೇ ಹತ್ತಿಕೊಳ್ಳುವ ಫೋನು.

“ಅಣ್ಣಾ, ನಾನು ಅಶ್ವತ್ಥ್. ಎರಡಕ್ಕೂ ಮೂರಕ್ಕೂ ಬಟನ್ ಅಮುಕಿದ್ರಾ?”

“ಕ್ರಮವಾಗಿ ಮಾಡಿದ್ದೀನಿ ಕಣ್ಲಾ. ಚಿಂತೆ ಮಾಡ್ಬೇಡ. ನಿನ್ ಚೀಟಿಯಾಗೆ ಒಂದ್ ತಪ್ಪಿತ್ತು, ಅದನ್ನೂ ಸರಿ ಮಾಡಿದೆ.”

“ತಪ್ಪಾ?”

“ಗಡುವು ಮುಗಿಯೋ ಮುಂಚೇನೇ ರಿನ್ಯೂ ಮಾಡು ಅಂತ ಬರ್ದಿದ್ದೆ. ಮುಗೀದೇ ಇರಾದನ್ನ ರಿನ್ಯೂ ಮಾಡಾಕಾಗ್ತದೇನ್ಲಾ? ಆಡಿಟ್‌ನಾಗೆ ಒಪ್ತಾರಾ? ಎರಡಕ್ಕೆ ಮುಗಿಯಾಕೆ ಬುಟ್ಟೆ. ಆಮ್ಯಾಗೆ ಒಂದ್ ಕಾಲು ಗಂಟೆ ಬ್ರೇಕ್ ಕೊಟ್ಟೆ. ಎರಡೂಕಾಲಕ್ಕೆ ಹೊಸ್ದಾಗಿ ಎಂಟ್ರಿ ಮಾಡಿದೆ.”

ಅಶ್ವತ್ಥ್ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. “ಬ್ರೇಕ್ ಯಾಕಣ್ಣಾ ಕೊಟ್ರಿ?”

“ಬ್ರೇಕ್ ಇಲ್ದೆ ಸರ್ವೀಸ್ ಕೊಟ್ರೆ ನಾಳೆ ಪರ್ಮನೆಂಟ್ ಮಾಡಿ ಅಂತ ಕೂತ್ಕೊತದೆ! ನಿಂಗೂ ಐದು ವರ್ಷದಿಂದ ಆರು ತಿಂಗ್ಳಿಗೊಂದ್ ದಿನ ಬ್ರೇಕ್ ಕೊಟ್ಟೇ ಅಲ್ವೇನ್ಲಾ ಮುಂದುವರಿಸ್ತಿರಾದು?”

ಸುಬ್ಬರಾಯಪ್ಪನ ಮಾತಿನಲ್ಲಿ ಕಪಟವಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯಲ್ಲಿ ಬ್ರೇಕಿಲ್ಲದೆ ಮುಂದುವರಿದದ್ದು ಅವನದೊಂದೇ ನೌಕರಿ.

“ಆ ಕಾಲು ಗಂಟೆಯಾಗೆ ಯಾರೂ ಪೋನ್ ಮಾಡ್ಲಿಲ್ಲ ಅಲ್ವಾ ಅಣ್ಣಾ?”

ಆ ಕಡೆ ಸುಬ್ಬರಾಯಪ್ಪ ಗಂಟಲು ಸರಿಮಾಡಿಕೊಂಡ. “ಎರಡೂ ಐದಕ್ಕೆ ಅಯ್ಯಾ ಮಾಡಿದ್ರು. ಇನ್‌ಸ್ಪೆಕ್ಷನ್‌ನೋರು ಸುತ್ತ ನಿಂತಿದ್ರು. ಲ್ಯಾಬ್ ಅನ್ನೋರು ಯಾರೂ ಇಲ್ಲ ಅಂತ ಬಂತಂತೆ. ಅವ್ರು ನಗಾಡಿದ್ರು. ಅಯ್ಯಾ ನಗ್ಲಿಲ್ಲ. ಲ್ಯಾಬ್‌ನಾಗೆ ಯಾರಿದಾರೆ ನೋಡು ಅಂದ್ರು. ನಾನು ಓಗಿ ನೋಡಿ ಬಂದೆ. ಸುಳ್ ಹೇಳಾಕಾಗ್ತದಾ? ನೀನು ಇರ್ಲಿಲ್ಲ.”

“ಅಯ್ಯೋ ಅಣ್ಣಾ!”

“ಹೆದರ್‌ಬೇಡ. ಡಿಸ್ಮಿಸ್ ಅಂದ್ರು. ನಾನು ಕೈಕಾಲು ಇಡಿದು ಒಂದ್ ತಿಂಗ್ಳು ಬ್ರೇಕ್‌ಗೆ ಇಳಿಸಿದ್ದೀನಿ.”

ಅಶ್ವತ್ಥ್ ಬೂತಿನಿಂದ ಹೊರಬಂದು ಬೇವಿನ ಮರಕ್ಕೆ ಒರಗಿದ. ಒಂದು ತಿಂಗಳ ಸಂಬಳ ಹೋಯಿತು. ವಾಣಿಗೆ ಏನು ಹೇಳುವುದು? ಆದರೂ ಜೇಬು ಮುಟ್ಟಿಕೊಂಡ. ಕಾರ್ಡು ಇದೆ. ಇದೊಂದು ಉಳಿದರೆ ಸಾಕು. ಸರಕಾರಿ ಕೆಲಸ ಬಂದ ದಿನ ಆ ಲ್ಯಾಬು, ಆ ಬಟನ್ನು, ಆ ಬ್ರೇಕು, ಎಲ್ಲಕ್ಕೂ ಒಂದು ದೊಡ್ಡ ನಮಸ್ಕಾರ ಹಾಕಿಬಿಡಬಹುದು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಕಿಟಕಿಯ ಹಿಂದಿನಿಂದ “ಅಡುತ್ತ ಆಳ್!” ಎಂದು ಕೂಗಿದರು. ಮುಂದಿನವನು ಅಶ್ವತ್ಥನೇ. ಗುಮಾಸ್ತ ಪಳನಿಯಪ್ಪನ್ ಕಾರ್ಡು ತೆಗೆದುಕೊಂಡು, ದಪ್ಪ ಪುಸ್ತಕದಲ್ಲಿ ಹೆಸರು ಹುಡುಕಿ, ಸೀಲು ಎತ್ತಿ ಠಪ್ಪನೆ ಒತ್ತಿದ. ಆ ಸದ್ದು ಅಶ್ವತ್ಥನಿಗೆ ನಾದಸ್ವರದಂತೆ ಕೇಳಿಸಿತು. ಮೂರು ವರ್ಷ! ಇನ್ನು ಮೂರು ವರ್ಷ ಯಾರೂ ಅವನನ್ನು ಸಾಲಿನಿಂದ ಕದಲಿಸುವಂತಿಲ್ಲ.

“ತುಂಬಾ ಸೀನಿಯರ್ ಆಗಿದ್ದೀರಿ” ಎಂದ ಪಳನಿಯಪ್ಪನ್ ತಮಿಳಿನಲ್ಲಿ, ಮರ್ಯಾದೆಯಿಂದ. “ಮತ್ತೆ ಜೂನ್‌ನಲ್ಲಿ ಇಂಟರ್‌ವ್ಯೂಗೆ ಯಾಕೆ ಬರಲಿಲ್ಲ?”

“ಯಾವ ಇಂಟರ್‌ವ್ಯೂ?”

“ಸರಕಾರಿ ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ಅಸಿಸ್ಟೆಂಟ್. ನಿಮ್ಮದೇ ಹೆಸರು ಮೊದಲನೇದು. ಇಂಟರ್‌ವ್ಯೂ ಕಾರ್ಡು ಕಳಿಸಿದ್ವಲ್ಲ.” ಪಳನಿಯಪ್ಪನ್ ಕಟ್ಟೊಂದನ್ನು ಬಿಚ್ಚಿ ಒಂದು ಲಕೋಟೆ ತೋರಿಸಿದ. “ತಿರುಗಿ ಬಂದಿದೆ ನೋಡಿ. ಗುಗೈ, ಪಳನಿಯಮ್ಮನವರ ಮನೆ, ಹಿಂಭಾಗ. ಇದು ನಿಮ್ಮ ಅಡ್ರೆಸ್ ತಾನೇ?”

ಅಶ್ವತ್ಥ್ ಆ ಮನೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಮನೆಯೂ ಈಗಿಲ್ಲ. ಪಳನಿಯಮ್ಮ ಅದನ್ನು ಕೆಡವಿ ಕಲ್ಯಾಣಮಂಟಪ ಕಟ್ಟಿಸಿದ್ದಳು. ಮೂರು ವರ್ಷದ ಹಿಂದೆ ತಪ್ಪದೆ ಬಂದು, ಇಂದೂ ತಪ್ಪದೆ ಬಂದು, ಅವನು ಆ ಕಲ್ಯಾಣಮಂಟಪದಲ್ಲೇ ತಾನಿರುವುದಾಗಿ ಸರಕಾರಕ್ಕೆ ತಿಳಿಸಿದಂತಾಗಿತ್ತು.

“ಆ ಕೆಲಸ?”

“ಎರಡನೆಯವರು ಸೇರಿಕೊಂಡರು.”

ಅಶ್ವತ್ಥ್ ಕಾರ್ಡನ್ನು ಮತ್ತೆ ಒಳಗೆ ತಳ್ಳಿದ. ಕಿಟಕಿಯ ಸರಳು ಹಿಡಿದುಕೊಂಡ. “ಸಾರ್, ಈಗ್ಲೇ ಅಡ್ರೆಸ್ ಬದಲಾಯಿಸಿ ಸಾರ್. ನಾನು ಮೇಚೇರಿಯಲ್ಲಿದ್ದೀನಿ. ಇನ್ನೊಂದು ಕಾರ್ಡು ಬಂದರೆ?”

“ಬಂದೇ ಬರುತ್ತೆ. ಮುಂದಿನ ತಿಂಗಳು ಇನ್ನೊಂದು ಲಿಸ್ಟ್ ಹೋಗುತ್ತೆ, ಅದರಲ್ಲೂ ನೀವೇ ಮೊದಲು. ನೀವು ಕೆಲಸ ಮಾಡೋ ಕಡೆಯಿಂದ ಅಡ್ರೆಸ್‌ಗೆ ಒಂದು ಲೆಟರ್ ತನ್ನಿ, ಅರ್ಧ ನಿಮಿಷದಲ್ಲಿ ತಿದ್ದಿಕೊಡ್ತೀನಿ” ಎಂದು ಪಳನಿಯಪ್ಪನ್ ಕಿಟಕಿ ಮುಚ್ಚಿದ.

ಅಶ್ವತ್ಥ್ ಮತ್ತೆ ಬೂತಿಗೆ ಹಾರಿದ.

“ಅಣ್ಣಾ, ಬ್ರೇಕ್ ಆದ್ರೂ ಪರವಾಗಿಲ್ಲ. ನಾನು ಮೇಚೇರಿಯಾಗೆ ಇದ್ದೀನಿ ಅಂತ ಕಾಲೇಜಿಂದ ಒಂದ್ ಲೆಟರ್ ಕೊಡಿ. ನಿಮ್ ಕಾಲಿಗೆ ಬೀಳ್ತೀನಿ.”

“ಅದಕ್ಯಾಕ್ಲಾ ಅಳ್ತೀಯಾ? ಕೊಟ್ಟೆ ಅನ್ಕೋ. ಇರು, ಸ್ಟಾಫ್ ರಿಜಿಸ್ಟರ್ ತೆಗೀತೀನಿ.” ಹಾಳೆ ತಿರುವುವ ಸದ್ದು ಕೇಳಿಸಿತು. “ಅಶ್ವತ್ಥ್... ಅಶ್ವತ್ಥ್... ಆ, ಸಿಕ್ತು. ಗುಗೈ, ಪಳನಿಯಮ್ಮನವರ ಮನೆ, ಹಿಂಭಾಗ, ಸೇಲಂ.”

“ಅದು ಹಳೇದಣ್ಣಾ! ನಾನು ಮೇಚೇರಿಯಾಗಿರಾದು ನಿಮಗ್ ಗೊತ್ತಲ್ವಾ? ಮೊನ್ನೆ ನಮ್ಮನ್ಯಾಗೆ ಊಟ ಮಾಡಿದ್ರಲ್ಲಾ!”

“ಊಟ ಬೇರೆ, ರಿಜಿಸ್ಟರ್ ಬೇರೆ ಕಣ್ಲಾ. ರಿಜಿಸ್ಟರ್‌ನಾಗಿಲ್ಲದ್ದನ್ನ ನಾನು ಹೆಂಗೆ ಬರ್ಕೊಡ್ಲಿ?”

“ಹಂಗಾರೆ ರಿಜಿಸ್ಟರ್ ತಿದ್ದಿ ಅಣ್ಣಾ!”

“ತಿದ್ತೀನಿ. ಅದೇನ್ ದೊಡ್ ವಿಷ್ಯ?” ಎಂದ ಸುಬ್ಬರಾಯಪ್ಪ, ತಮ್ಮನಿಗೆ ಹೇಳುವಷ್ಟು ಅಕ್ಕರೆಯಿಂದ. “ಯಾವ್ದಾನಾ ಸರಕಾರಿ ಕಾಗದ ತೋರ್ಸಿದ್ರೆ ಆಯ್ತು. ಹೆಂಗೂ ಅಲ್ಲೇ ಇದ್ದೀಯಲ್ಲ, ಎಂಪ್ಲಾಯ್‌ಮೆಂಟ್ ಕಾರ್ಡ್‌ನಾಗೆ ಮೇಚೇರಿ ಅಡ್ರೆಸ್ ಆಕಿಸ್ಕೊಂಡು ಬಾ.”